ಕೊರಿಯಾದ ಕೌಬಾಯ್‌ಗೆ ಸದ್ದು ಕೊಟ್ಟ ಬೇಸಿಗೆ

ಹೋದ ವಾರ ಒಂದು ಮಿಕ್ಸಿಗೆ ಬುಷ್ ಹುಡುಕಿಕೊಂಡು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿಗೆ ಹೋಗಿದ್ದೆ. ಮಾಗಡಿ ರಸ್ತೆಯಲ್ಲಿ ಈಗ ನನ್ನದೊಂದು ಸಣ್ಣ ರಿಪೇರಿ ಅಂಗಡಿಯಿದೆ. ಬುಷ್ ಮಾರುವವನು "ಅರ್ಧ ಗಂಟೆ ಬಿಟ್ಟು ಬನ್ನಿ ಅಣ್ಣ, ತರಿಸಿಡ್ತೀನಿ" ಅಂದ. ಕಾಯುವುದು ನನಗೆ ಯಾವತ್ತೂ ಬರದ ವಿದ್ಯೆ. ಸುಮ್ಮನೆ ನಡೆಯತೊಡಗಿದೆ. ಕಾಲು ತಾನಾಗಿಯೇ ಹಳೇ ಓಣಿಗೆ ತಿರುಗಿತು.

ನಾನು ಇಪ್ಪತ್ತೊಂದು ವರ್ಷ ದುಡಿದ ಶೆಡ್ಡು ಈಗ ಪಾರ್ಸೆಲ್ ಪೆಟ್ಟಿಗೆಗಳ ಗೋಡೌನು. ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ರಟ್ಟಿನ ವಾಸನೆ. ಅದರಡಿಯಿಂದ, ಮಧ್ಯಾಹ್ನದ ಬಿಸಿಗೆ, ನೆಲದಿಂದ ಎದ್ದು ಬಂತು ಕಟಿಂಗ್ ಆಯಿಲ್ ವಾಸನೆ. ಸಿಮೆಂಟು ಕುಡಿದ ಎಣ್ಣೆ ಅಷ್ಟು ಬೇಗ ಬಿಡುವುದಿಲ್ಲ. ಇಪ್ಪತ್ತೊಂದು ವರ್ಷದ ನೆನಪು ಒಟ್ಟಿಗೆ ನುಗ್ಗಬೇಕಿತ್ತು. ಬಂದದ್ದು ಮಾತ್ರ ಕಡೆಯ ನಾಲ್ಕು ತಿಂಗಳು, ಮೆಷಿನ್ನುಗಳೆಲ್ಲ ಹೋದಮೇಲಿನ ಆ ಬೇಸಿಗೆ.

ಅದು ಪವರ್ ಪ್ರೆಸ್ಸಿನ ಶೆಡ್ಡು. ತಗಡು ಹಾಕಿದರೆ ಒಂದೇ ಏಟಿಗೆ ವಾಷರ್, ಬ್ರ್ಯಾಕೆಟ್ಟು, ಮುಚ್ಚಳ. ಆರ್ಡರು ಕಮ್ಮಿಯಾಗುತ್ತಾ ಬಂದು, ಯಜಮಾನರು ಒಂದೊಂದೇ ಪ್ರೆಸ್ಸು ಮಾರಿದರು. ಕಡೆಯದು ಜನವರಿಯಲ್ಲಿ ಲಾರಿ ಹತ್ತಿತು. ಜೊತೆಯವರು ಪೀಣ್ಯ, ಕಾಮಾಕ್ಷಿಪಾಳ್ಯ ಅಂತ ಚದುರಿದರು. "ಲೋಕೇಶ, ಜಾಗ ಬಾಡಿಗೆಗೆ ಹೋಗೋವರೆಗೂ ಬೀಗದ ಕೈ ನಿನ್ನ ಹತ್ರಾನೇ ಇರ್ಲಿ, ನೋಡ್ಕೋ" ಅಂದರು ಯಜಮಾನರು ನನಗೆ. ನೋಡಿಕೊಳ್ಳಲು ಏನಿತ್ತು? ಒಂದು ಸ್ಟೂಲು, ನನ್ನ ಟೂಲ್ ಪೆಟ್ಟಿಗೆ, ಒಂದಷ್ಟು ಗುಜರಿ. ಅಷ್ಟು ವರ್ಷ ಪ್ರೆಸ್ಸಿನ ಏಟಿಗೆ ನೆಲ ಅದುರುವುದನ್ನು ಕಾಲಲ್ಲಿ ಹೊತ್ತವನಿಗೆ ಆ ಸುಮ್ಮನಿದ್ದ ನೆಲದ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ದಿನಕ್ಕೆ ಮೂರು ಸಲ ಗುಡಿಸುತ್ತಿದ್ದೆ. ಕಿರುಗುಟ್ಟದ ಬಾಗಿಲಿಗೂ ಎಣ್ಣೆ ಬಿಡುತ್ತಿದ್ದೆ.

ಮಾರ್ಚಿನಲ್ಲಿ ಶೆಡ್ಡಿನ ಅರ್ಧ ಭಾಗ ಒಂದು ಡಬ್ಬಿಂಗ್ ಸ್ಟುಡಿಯೋಗೆ ಬಾಡಿಗೆಗೆ ಹೋಯಿತು. ಓನರ್ ದಿನಕರ್ ಅಂತ. ವಾರಕ್ಕೊಮ್ಮೆ ಬಂದು ಗಡಿಯಾರ ನೋಡಿಕೊಂಡು ಹೋಗುವವರು. ಕೆಲಸವೆಲ್ಲ ಶೈಲಜಾ ಅನ್ನೋ ಸೌಂಡ್ ಇಂಜಿನಿಯರ್ ತಲೆಮೇಲೆ. ಗದಗಿನ ಕಡೆಯ ಹುಡುಗಿ, ಮೂವತ್ತರ ಆಸುಪಾಸು. ಅನ್ನಪೂರ್ಣೇಶ್ವರಿ ನಗರದಲ್ಲಿ ಪಿಜಿ. ಊಟದ ಡಬ್ಬಿಯಲ್ಲಿ ಜೋಳದ ರೊಟ್ಟಿ ಇಲ್ಲದಿದ್ದರೆ ಆ ದಿನವೆಲ್ಲ ಸಿಡುಕು.

ಅವರ ಕೈಗೆ ಬಂದಿದ್ದದ್ದು ಒಂದು ಕೊರಿಯಾ ಪಿಕ್ಚರು. ಅದೂ ಕೌಬಾಯ್ ಪಿಕ್ಚರು. ನಾನು ನಕ್ಕಿದ್ದೆ. ಕೊರಿಯಾದವರಿಗೂ ಕೌಬಾಯ್‌ಗೂ ಏನು ಸಂಬಂಧ? ಶೈಲಜಾ ಮೇಡಂ ಹಾಕಿ ತೋರಿಸಿದರು. ಚೀನಾದ ಗಡಿ ಕಡೆಯ ಒಣ ಬಯಲು, ಧೂಳು, ಕುದುರೆ, ಅಗಲ ಅಂಚಿನ ಟೋಪಿ, ಸೊಂಟದಲ್ಲಿ ಬಂದೂಕು. ಎಲ್ಲಾ ಅದೇ. ಆದರೆ ಆ ಟೋಪಿಯವನು ಹಿರಿಯರು ಕಂಡರೆ ಕುದುರೆಯಿಂದ ಇಳಿದು ನಡು ಬಗ್ಗಿಸುತ್ತಿದ್ದ. ಕೊಲ್ಲಲು ಬಂದವನೂ ಸಾಯಬೇಕಾದವನೂ ಮೊದಲು ಕೂತು ಒಂದೇ ಪಾತ್ರೆಯಿಂದ ಗಂಜಿ ಕುಡಿಯುತ್ತಿದ್ದರು. ಯಾರ ಮನೆಗೆ ಹೋದರೂ, ಬೆನ್ನ ಹಿಂದೆ ಗುಂಡು ಹಾರುತ್ತಿದ್ದರೂ, ಹೊಸಿಲಲ್ಲಿ ಬೂಟು ಬಿಚ್ಚಿಟ್ಟೇ ಒಳಗೆ ಹೋಗುತ್ತಿದ್ದ.

ಕತೆ ಸರಳ. ಆ ಟೋಪಿಯವನು ಬಂದೂಕು ರಿಪೇರಿ ಮಾಡುವವನು. ಅವನ ತಮ್ಮನ ಕುದುರೆಗಳನ್ನು ಕದಿಯುವಾಗ ಒಬ್ಬ ಗಡ್ಡದವನು ತಮ್ಮನನ್ನು ಕೊಂದಿರುತ್ತಾನೆ. ಅಣ್ಣ ಅವನನ್ನು ಹುಡುಕಿ ಹೊರಡುತ್ತಾನೆ. ತಮ್ಮನ ಬೂಟಿಗಿದ್ದ ಮುಳ್ಳುಚಕ್ರವನ್ನು, ಕುದುರೆಗೆ ಚುಚ್ಚಲು ಹಿಮ್ಮಡಿಗೆ ಕಟ್ಟುತ್ತಾರಲ್ಲ ಅದನ್ನು, ತನ್ನ ಬೂಟಿಗೆ ಕಟ್ಟಿಕೊಂಡಿರುತ್ತಾನೆ. ಅದರ ಒಂದು ಹಲ್ಲು ಮುರಿದಿದೆ. ನಡೆದರೆ ಕುಂಟುವ ಹಾಗೆ ಕಿಣಿಗುಟ್ಟುತ್ತದೆ. ಆ ಸದ್ದು ಗಡ್ಡದವನಿಗೆ ಗೊತ್ತು. ಪಿಕ್ಚರಿನುದ್ದಕ್ಕೂ ಆ ಸದ್ದು ಕೇಳಿಯೇ ಅವನು ತಪ್ಪಿಸಿಕೊಳ್ಳುತ್ತಾನೆ. ಕಡೆಗೆ ಒಂದು ಉಪ್ಪಿನ ಗೋದಾಮಿನಲ್ಲಿ ಅಡಗಿ ಕಿವಿಗೊಟ್ಟು ಕೂತಿರುತ್ತಾನೆ. ಟೋಪಿಯವನು ಹೊಸಿಲಲ್ಲಿ ಬೂಟು ಬಿಚ್ಚಿ, ಬರೀ ಕಾಲುಚೀಲದಲ್ಲಿ ಹಲಗೆಯ ಮೇಲೆ ನಡೆದು ಅವನ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ.

ಕನ್ನಡದ ಮಾತೆಲ್ಲ ವಿಜಯನಗರದ ಇನ್ನೊಂದು ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿತ್ತು. ತೊಂದರೆ ಇದ್ದದ್ದು ಬೇರೆ. ಸದ್ದುಗಳನ್ನೇ ಬೇರೆ ಮಾಡಿ ಕಳಿಸಬೇಕಿದ್ದವರು ಕಳಿಸಿರಲಿಲ್ಲ. ಬಂದದ್ದರಲ್ಲಿ ಮಾತು, ಗೊರಸು, ಗುಂಡು, ಗಾಳಿ ಎಲ್ಲ ಕಲಸಿಹೋಗಿತ್ತು. ಕೊರಿಯಾದ ಮಾತು ತೆಗೆದರೆ ಕುದುರೆಯೂ ಹೋಗುತ್ತಿತ್ತು. ಹಾಗಾಗಿ ಎಲ್ಲ ಸದ್ದನ್ನೂ ಹೊಸದಾಗಿ ಇಲ್ಲೇ ಹುಟ್ಟಿಸಬೇಕು. ಜೂನ್ ಅರ್ಧಕ್ಕೆ ಚಾನೆಲ್‌ಗೆ ಕೊಡಬೇಕು.

ಒಂದು ದಿನ ಮೇಡಂ ಸ್ಟೇಪ್ಲರ್ ಒತ್ತಿ ಒತ್ತಿ ಬಂದೂಕಿನ ಕುದುರೆ ಎಳೆಯುವ ಸದ್ದಿಗೆ ಒದ್ದಾಡುತ್ತಿದ್ದರು. ನನ್ನ ಕೈ ಸುಮ್ಮನಿರಲಿಲ್ಲ. ಪೆಟ್ಟಿಗೆಯಿಂದ ಹಳೇ ರಾಚೆಟ್ ಸ್ಪ್ಯಾನರ್ ತೆಗೆದು ಎರಡು ಹಲ್ಲು ತಿರುಗಿಸಿದೆ. ಅವರು ತಟ್ಟನೆ ತಿರುಗಿದರು.

"ಏನ್ರೀ ಅದು? ಇನ್ನೊಮ್ಮೆ ಮಾಡ್ರಿ!"

ಅಂದಿನಿಂದ ನಾನು ಸ್ಟೂಲಿನಿಂದ ಎದ್ದೆ. ಪಿಕ್ಚರಿಗೆ ಕೈಕಾಲಿನಿಂದ ಸದ್ದು ಹುಟ್ಟಿಸುವ ಆ ಕೆಲಸಕ್ಕೆ ಫೋಲಿ ಅಂತಾರಂತೆ. ಹೇರೋಹಳ್ಳಿಯ ಮನೆಗೆ ಬಂದು ಹೆಂಡತಿ ಪ್ರಮೀಳಾಗೆ ಹೇಳಿದರೆ, ತರಕಾರಿ ಹೆಚ್ಚುತ್ತಿದ್ದವಳು ತಲೆಯೆತ್ತದೆ ಅಂದಳು: "ಪೋಲಿ ಕೆಲಸಾನಾ? ಈ ವಯಸ್ಸಲ್ಲಿ?" ಅವಳು ನಗಲಿಲ್ಲ. ನನಗೆ ಅರ್ಧ ಕೇಳಿಸಿತು, ಉಳಿದರ್ಧ ಊಹಿಸಿಕೊಂಡೆ.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನನ್ನ ಕಿವಿ ಹೋಗಿತ್ತು. ಪೂರ್ತಿ ಅಲ್ಲ. ದಪ್ಪ ಸದ್ದು ಕೇಳುತ್ತಿತ್ತು. ಲಾರಿ, ಬಾಗಿಲು, ಹೆಜ್ಜೆ, ಗಂಡಸಿನ ದನಿ. ಸಣ್ಣ ಸದ್ದು ಇಲ್ಲ. ಕುಕ್ಕರ್ ಕೂಗಿ ಅನ್ನ ಸೀದು ವಾಸನೆ ಬಂದಮೇಲೇ ನನಗೆ ಗೊತ್ತಾಗುತ್ತಿದ್ದದ್ದು. ಮಾತು ಕೇಳುತ್ತಿತ್ತು, ಅಕ್ಷರ ಕೇಳುತ್ತಿರಲಿಲ್ಲ. ಸಕ್ಕರೆ ಅಂದರೂ ಅಕ್ಕರೆ ಅಂದರೂ ನನಗೆ ಒಂದೇ. ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಿದ್ದೆ. ಪ್ರೆಸ್ ಶೆಡ್ಡಿನಲ್ಲಿ ಎಲ್ಲರೂ ಕಿರುಚುವವರೇ, ಕೈಸನ್ನೆಯವರೇ. ಯಾರ ಕಿವಿ ಇದೆ, ಯಾರದ್ದು ಹೋಗಿದೆ ಅಂತ ತಿಳಿಯುವುದಿಲ್ಲ. ಗೊತ್ತಾದರೆ ಮೆಷಿನ್‌ನಿಂದ ಇಳಿಸುತ್ತಾರೆ ಅಂತ ನಾನು ಯಾರಿಗೂ ಹೇಳಲಿಲ್ಲ. ಮೊದಲು ಯಜಮಾನರಿಗೆ ಹೇಳಲಿಲ್ಲ. ಆಮೇಲೆ ಹೇಳದೇ ಇರುವುದೇ ಅಭ್ಯಾಸವಾಗಿ ಮನೆಯಲ್ಲೂ ಹೇಳಲಿಲ್ಲ.

ಅಂಥವನು ಸದ್ದು ಮಾಡುವ ಕೆಲಸಕ್ಕೆ ನಿಂತೆ. ಹುಚ್ಚು ಅನ್ನಬಹುದು. ಆದರೆ ಜನವರಿಯಿಂದ ಸತ್ತುಹೋಗಿದ್ದ ಕೈಗೆ ಜೀವ ಬಂದಿತ್ತು, ಅದನ್ನು ಬಿಡಲಾಗಲಿಲ್ಲ. ರೈಲಿಗೆ ಕಬ್ಬಿಣದ ಪಟ್ಟಿಯ ಮೇಲೆ ಪ್ರೆಸ್ಸಿನ ಹಳೇ ಅಚ್ಚು ಉರುಳಿಸಿದೆ. ಗೋದಾಮಿನ ಬಾಗಿಲಿಗೆ ನಮ್ಮ ಶಟರನ್ನೇ ಎಳೆದೆ. ಗೊರಸು ಸರಿ ಹೋಗದೆ ಒಂದು ಬೆಳಗ್ಗೆ ಬಸ್ಸು ಹತ್ತಿ ಕೆಂಗೇರಿಗೆ ಹೋದೆವು. ಅಲ್ಲಿ ಬಾಷಾ ಸಾಬರು ಮದುವೆ ಮೆರವಣಿಗೆಗೆ ಕುದುರೆ ಕೊಡುತ್ತಿದ್ದರು. ಕೊರಿಯಾ ಪಿಕ್ಚರಿಗೆ ಕುದುರೆಯ ಸದ್ದು ಬೇಕು ಅಂದಾಗ ಅವರು ನನ್ನನ್ನೂ ಮೇಡಂನೂ ಒಂದು ಕ್ಷಣ ನೋಡಿ, "ಕುದುರೆ ಕಾಣ್ಸಲ್ಲ, ಬರೀ ಸದ್ದಾ? ಹಂಗಾದ್ರೆ ಶೃಂಗಾರ ಬ್ಯಾಡ ಬಿಡಿ ಸಾರ್" ಅಂದರು. ಬಿಳಿ ಹೆಣ್ಣುಕುದುರೆಯನ್ನು ಮಣ್ಣಿನಲ್ಲಿ, ಆಮೇಲೆ ಕಲ್ಲುಚಪ್ಪಡಿಯ ಮೇಲೆ ನಡೆಸಿದರು, ಓಡಿಸಿದರು. ನಾನು ಕೂತು ನೆಲಕ್ಕೆ ಅಂಗೈ ಇಟ್ಟೆ. ನಡೆಯುವಾಗ ನಾಲ್ಕು ಏಟು ಬೇರೆ ಬೇರೆ. ಓಡುವಾಗ ಮೂರು, ಆಮೇಲೆ ಒಂದು ಖಾಲಿ. ಆ ಖಾಲಿ ಜಾಗದಲ್ಲಿ ಕುದುರೆ ಗಾಳಿಯಲ್ಲಿರುತ್ತದೆ. ವಾಪಸ್ ಬಂದು ಮಣ್ಣು ತುಂಬಿದ ಟ್ರೇಯಲ್ಲಿ ಎರಡು ಮರದ ಗುಂಡು ಹಿಡಿದು ಅದೇ ಲೆಕ್ಕಕ್ಕೆ ಬಡಿದೆ.

ಹೆಡ್‌ಫೋನ್ ತೆಗೆದು ಮೇಡಂ ಅಂದರು: "ಲೋಕೇಶಣ್ಣಾ, ಕಿವಿ ಭಾಳ ಚಲೋ ಅದಾವು ನಿಮ್ಮವು."

ನಾನು ಅವರ ತುಟಿಯಿಂದ ಕಣ್ಣು ಕಿತ್ತು ಬೇರೆ ಕಡೆ ನೋಡಿದೆ.

ಮುಳ್ಳುಚಕ್ರಕ್ಕೆ ಸ್ಪ್ರಿಂಗ್ ವಾಷರುಗಳನ್ನು ಒಂದು ತಂತಿಯ ಬಳೆಗೆ ಪೋಣಿಸಿದೆ. ಆರೇಳು ಥರ ಮಾಡಿ ಒಂದೊಂದಾಗಿ ಅಲುಗಾಡಿಸಿದೆ. ನನಗೆ ಒಂದೂ ಕೇಳಲಿಲ್ಲ. ಗಾಜಿನ ಆಚೆ ಮೇಡಂ ಮುಖ ನೋಡುತ್ತಿದ್ದೆ. ಯಾವುದಕ್ಕೆ ಅವರ ಹುಬ್ಬು ಮೇಲೆ ಹೋಯಿತೋ ಅದು ಸರಿ. ಅದನ್ನು ಕಣಕಾಲಿಗೆ ಕಟ್ಟಿಕೊಂಡು ಎರಡು ತಿಂಗಳು ನಡೆದೆ. ಸದ್ದಿನ ಅಳತೆ ತೋರಿಸುವ ಹಸಿರು ಗೆರೆ ಎಷ್ಟು ಏರಿತು ನೋಡಿಕೊಂಡು ಕಾಲು ಒದರುತ್ತಿದ್ದೆ. ಮೇಡಂ ಆಗಾಗ "ಸ್ವಲ್ಪ ಜೋರಾತು" ಅನ್ನುತ್ತಿದ್ದರು, ಅಷ್ಟೆ. ಆದರೂ ರಾತ್ರಿ ಮಲಗಿದರೆ ನಾಳೆ ಸಿಕ್ಕಿಬೀಳುತ್ತೇನೆ ಅನ್ನಿಸುತ್ತಿತ್ತು. ಬೆಳಗ್ಗೆ ಎದ್ದರೆ ಯಾವಾಗ ಹೋಗುತ್ತೇನೋ ಅನ್ನಿಸುತ್ತಿತ್ತು.

ಕನ್ನಡದ ಮಾತು ಸೇರಿಸಿದ ಮೇಲೆ ಪಿಕ್ಚರು ನನಗೆ ಪೂರಾ ಮುಚ್ಚಿಹೋಯಿತು. ತುಟಿ ಕೊರಿಯಾದ್ದು, ಮಾತು ಕನ್ನಡದ್ದು. ಓದಲು ಏನೂ ಸಿಗುತ್ತಿರಲಿಲ್ಲ. ಮೇಡಂ ಜೋಕಿಗೆ ನಕ್ಕಾಗ ನಾನೂ ನಗುತ್ತಿದ್ದೆ.

ಮೇ ಬಂತು. ಸಂಜೆ ನಾಲ್ಕಾದರೆ ಮೋಡ, ಶೀಟಿನ ಮೇಲೆ ಮಳೆ, ರೆಕಾರ್ಡಿಂಗ್ ಬಂದ್. ಬೆಳಗ್ಗೆ ಪಕ್ಕದ ಶೆಡ್ಡಿನ ಲೇತ್‌ಗಳು. ನೆಮ್ಮದಿಯಾಗಿ ಸಿಗುತ್ತಿದ್ದದ್ದು ಭಾನುವಾರದ ಬೆಳಗು ಮಾತ್ರ. ದಿನಕರ್ ಸಾರ್ ಫೋನು ದಿನಕ್ಕೆ ಮೂರು ಸಲ ಬರುತ್ತಿತ್ತು. ಕಡೆಯ ದೃಶ್ಯ, ಆ ಉಪ್ಪಿನ ಗೋದಾಮು, ಹಾಗೇ ಉಳಿದಿತ್ತು. ಮೂರು ನಿಮಿಷ. ಮಾತಿಲ್ಲ, ಸಂಗೀತವಿಲ್ಲ. ಕಾಲುಚೀಲದ ಹೆಜ್ಜೆ ಮಾತ್ರ.

ಒಂದು ಭಾನುವಾರ ಹಲಗೆ ಹಾಸಿ, ಕಾಲುಚೀಲ ಹಾಕಿಕೊಂಡು ನಿಂತೆ. ಐದು ಹೆಜ್ಜೆ ಇಟ್ಟಿರಬಹುದು, ಮೇಡಂ ಕೈ ಎತ್ತಿದರು.

"ಅಣ್ಣಾ, ಚಕ್ರ ಬಿಚ್ಚಿಲ್ಲೇನು?"

ಪ್ಯಾಂಟು ಎತ್ತಿ ಕಣಕಾಲು ತೋರಿಸಿದೆ. ಇನ್ನೊಮ್ಮೆ ನಡೆದೆ. ಮತ್ತೆ ಕೈ.

"ಬರಾಕತ್ತೈತಿ, ಅಣ್ಣಾ. ಕಿಣಿ ಕಿಣಿ ಅಂತೈತಿ."

"ಇಲ್ಲ ಮೇಡಂ. ಏನೂ ಸದ್ದಿಲ್ಲ. ನಾನಿಲ್ಲೇ ಇದೀನಲ್ಲ!"

ಅವರು ಗಾಜಿನ ಕೋಣೆಯಿಂದ ಹೊರಗೆ ಬಂದರು. ನನ್ನ ಎದುರಿಗೇ ನಿಂತು, ನನ್ನ ಪ್ಯಾಂಟಿನ ಜೇಬು ತೋರಿಸಿದರು. ಬಿಚ್ಚಿದ ಬಳೆಯನ್ನು ನಾನೇ ಜೇಬಿಗೆ ಹಾಕಿಕೊಂಡಿದ್ದೆ. ಅದನ್ನು ಈಸಿಕೊಂಡು ನನ್ನ ಮುಖ ನೋಡಿದರು.

"ಆ ಕಡೆ ತಿರುಗ್ರಿ."

ಗೋಡೆ ಕಡೆ ತಿರುಗಿದೆ. ಸದ್ದು ಹೀರಲು ಅಂಟಿಸಿದ ಕರೀ ಸ್ಪಂಜು, ಅದರ ಗುಂಡಿಗಳು. ಕಾದೆ. ಕಡೆಗೆ ಹೆಗಲು ತಟ್ಟಿದರು.

"ಎಷ್ಟು ಸಲ ಬಾರಿಸಿದೆ?"

"ಎರಡು... ಮೂರು ಸಲ."

"ಆಗಿಂದ ಬಿಡದಂಗ ಬಾರಿಸಾಕತ್ತೇನಿ." ಅವರ ಕೈಯಲ್ಲಿ ವಾಷರುಗಳು ಇನ್ನೂ ಅಲ್ಲಾಡುತ್ತಿದ್ದವು. "ಹಂಗಾದ್ರ ಇಷ್ಟು ದಿನ ಹೆಂಗ ಮಾಡಿದ್ರಿ?"

"ನಿಮ್ಮ ಮುಖ ನೋಡಿಕೊಂಡು ಮೇಡಂ."

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವರು ಕೂತುಬಿಟ್ಟರು. "ಫೋಲಿ ಮಾಡೋರನ್ನ ಚೆನ್ನೈನಿಂದ ಕರಸ್ತೀನಿ ಅಂದಿದ್ರು ಓನರ್. ಬ್ಯಾಡ್ರಿ, ನನ್ನ ಹತ್ರ ಅವರಕಿಂತ ಚಲೋ ಮನಷಾ ಅದಾನ ಅಂತ ನಾನ ಹೇಳೀನಿ. ಒಂದ್ ಮಾತು ಹೇಳಬಾರದಿತ್ತೇನ್ರಿ ಅಣ್ಣಾ? ಈಗ ಎಲ್ಲಾ ರೀಲಿನಾಗ ಆ ಚಕ್ರ ಮತ್ತೊಮ್ಮೆ ಕೇಳಿ ನೋಡಬೇಕು. ಹೋಗ್ರಿ. ನನಗ ತಲೀನ ಓಡವಲ್ದು."

ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಮಾಗಡಿ ರಸ್ತೆ ಹಿಡಿದು ನಡೆದೆ. ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಆಚೆ ಅಗೆದು ಬಿಟ್ಟ ರಸ್ತೆ. ಮೋಡ ಕಟ್ಟಿ ಗಾಳಿ ಎದ್ದು ಧೂಳು ಕಣ್ಣಿಗೆ ಬೀಳುತ್ತಿತ್ತು. ಹಿಂದಿನಿಂದ ಬಂದ ಡೆಲಿವರಿ ಬೈಕಿನವನು ಹಾರನ್ ಹೊಡೆದೂ ಹೊಡೆದೂ ಕಡೆಗೆ ಪಕ್ಕಕ್ಕೆ ಬಂದು ಬೈದು ಹೋದ. "ಕಿವುಡಾ ಏನ್ ಗುರು?" ಅವನ ತುಟಿಯಲ್ಲಿ ಅದು ಸ್ಪಷ್ಟವಾಗಿತ್ತು. ಹೌದು ಅನ್ನಬೇಕು ಅನ್ನಿಸಿತು. ಅವನಾಗಲೇ ಹೋಗಿದ್ದ.

ಪ್ರಮೀಳಾ ಬಟ್ಟೆ ಒಗೆಯುತ್ತಿದ್ದಳು. ಸುಂಕದಕಟ್ಟೆಯ ಗಾರ್ಮೆಂಟ್ಸಿನಲ್ಲಿ ಟೈಲರ್ ಅವಳು. ವಾರದ ಮನೆಗೆಲಸವೆಲ್ಲ ಭಾನುವಾರಕ್ಕೆ. ಎದುರಿಗೆ ಹೋಗಿ ನಿಂತೆ.

"ಪ್ರಮೀ, ನನಗೆ ಕಿವಿ ಕೇಳ್ಸಲ್ಲ ಕಣೆ."

"ಹೊಸದಾ? ನಾನು ಹೇಳಿದ್ದು ಯಾವತ್ತು ಕೇಳ್ಸಿದೆ ನಿಮ್ಗೆ?"

"ಅದಲ್ಲ. ನಿಜವಾಗ್ಲೂ ಕೇಳ್ಸಲ್ಲ. ತುಟಿ ನೋಡಿ ತಿಳ್ಕೋತೀನಿ. ನೀನು ಆ ಕಡೆ ತಿರುಗಿದ್ರೆ ಮಾತಾಡ್ತಿದೀಯ ಅಂತಾನೂ ಗೊತ್ತಾಗಲ್ಲ."

ಅವಳ ಕೈ ನಿಂತಿತು. ಸೋಪಿನ ನೊರೆ ಮೊಣಕೈವರೆಗೂ ಇತ್ತು.

"ಎಷ್ಟು ವರ್ಷದಿಂದ?"

"ಹತ್ತು, ಹನ್ನೊಂದು."

ಅವಳು ಲೆಕ್ಕ ಹಾಕಿದ್ದು ಮುಖದಲ್ಲಿ ಕಂಡಿತು. ಆಮೇಲೆ ನಿಧಾನವಾಗಿ, ನಾನು ಪ್ರತಿ ಅಕ್ಷರ ಓದುವ ಹಾಗೆ, ಹೇಳಿದಳು. "ನಮ್ಮಮ್ಮ ಹೋದ ಸುದ್ದಿ ಬಂತಲ್ಲ ಆವತ್ತು. ನಾನು ಅಡುಗೆಮನೇಲಿ ಫೋನ್ ಹಿಡ್ಕೊಂಡು ಕುಸಿದು ಕೂತಿದ್ದೆ. ರೀ, ರೀ ಅಂತ ಎಷ್ಟು ಕೂಗ್ದೆ. ನೀವು ಹಾಲಲ್ಲಿ ಬೆನ್ನು ಹಾಕಿ ಕೂತು ಫ್ಯಾನ್ ರಿಪೇರಿ ಮಾಡ್ತಾನೇ ಇದ್ರಿ. ತಿರುಗಲೇ ಇಲ್ಲ. ಇವರಿಗೆ ನಾನು ಯಾರೂ ಅಲ್ಲ ಅಂತ ಆವತ್ತು ತೀರ್ಮಾನ ಮಾಡಿಬಿಟ್ಟೆ. ಆರು ವರ್ಷ ಆಯ್ತು. ಏನು ತಪ್ಪು ಮಾಡಿದೀನಿ ಅಂತ ದಿನಾ ಹುಡುಕ್ತಾ ಇದೀನಿ ನಾನು."

ಆ ದಿನ ನನಗೆ ನೆನಪಿತ್ತು. ಫ್ಯಾನಿನ ಕೆಪಾಸಿಟರ್ ಬದಲಾಯಿಸಿ ಎದ್ದು ಹೋದಾಗ ಅವಳು ಒಬ್ಬಳೇ ಅತ್ತು ಮುಗಿಸಿ ಮುಖ ತೊಳೆದುಕೊಂಡಿದ್ದಳು. ನನ್ನನ್ನು ಕೂಗಿದ್ದಳು ಅನ್ನುವುದು ಹೊಳೆದೇ ಇರಲಿಲ್ಲ.

ಬಕೆಟ್ಟಿನ ಬಟ್ಟೆ ಎತ್ತಿಕೊಂಡು ಮಹಡಿಗೆ ಒಣಹಾಕಲು ಹೋದೆ. ಮಳೆ ಬಂತು. ಮತ್ತೆ ಎತ್ತಿಕೊಂಡು ಇಳಿದೆ.

ಆ ವಾರ ಅವಳು ಮಾತಾಡಲಿಲ್ಲ. ಸ್ಟುಡಿಯೋದಲ್ಲೂ ಹಾಗೇ. ಬೀಗದ ಕೈ ನನ್ನ ಹತ್ತಿರವಿದ್ದುದರಿಂದ ಹೋಗಲೇಬೇಕಿತ್ತು. ಬಾಗಿಲು ತೆರೆದು ಹೊರಗೆ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಒಳಗೆ ಮೇಡಂ ತಾವೇ ಕಾಲುಚೀಲ ಹಾಕಿಕೊಂಡು ಹಲಗೆಯ ಮೇಲೆ ನಡೆದು, ಓಡಿ ಹೋಗಿ ಕೇಳಿ, ಮತ್ತೆ ನಡೆಯುತ್ತಿದ್ದರು. ಅವರ ಹೆಜ್ಜೆ ಹಗುರ. ಪರದೆಯ ಮೇಲಿನ ಗಂಡಸಿನ ಮೈಗೆ ಕೂರುತ್ತಿರಲಿಲ್ಲ. ಅದು ಕಿವಿಯಿಲ್ಲದೆಯೂ ನನಗೆ ಗೊತ್ತಾಗುತ್ತಿತ್ತು. ಎದ್ದು ಹೇಳಲು ಮುಖವಿರಲಿಲ್ಲ.

ಶನಿವಾರ ಪ್ರಮೀಳಾ ನನ್ನ ಎದುರಿಗೆ ಬಂದು ನಿಂತಳು.

"ನಾಳೆ ನಾನೂ ಬರ್ತೀನಿ ಸ್ಟುಡಿಯೋಗೆ."

"ಯಾಕೆ?"

"ನೋಡಬೇಕು. ಹನ್ನೊಂದು ವರ್ಷ ನನ್ನ ಮುಖ ನೋಡದೇ ಇದ್ದೋರು ಆ ಹುಡುಗಿ ಮುಖ ಎರಡು ತಿಂಗಳು ಹೆಂಗೆ ನೋಡಿದ್ರಿ ಅಂತ."

ಹೋದೆವು. ಪ್ರಮೀಳಾ ಸೀದಾ ಒಳಗೆ ಹೋಗಿ "ಇವರ ಮನೆಯವಳು" ಅಂದಳು. ಮೇಡಂ ಎದ್ದು ನಿಂತು ಕುರ್ಚಿ ಕೊಟ್ಟರು, ಟೀ ತರಿಸಿದರು. ಇಬ್ಬರೂ ಸ್ವಲ್ಪ ಹೊತ್ತು ನನ್ನನ್ನು ಬಿಟ್ಟು ಮಾತಾಡಿದರು. ಏನು ಅಂತ ಇವತ್ತಿಗೂ ಗೊತ್ತಿಲ್ಲ. ಇಬ್ಬರೂ ನನಗೆ ಬೆನ್ನು ಹಾಕಿದ್ದರು. ಆಮೇಲೆ ಮೇಡಂ ಅವಳ ತಲೆಗೆ ಹೆಡ್‌ಫೋನ್ ಹಾಕಿ ಪಿಕ್ಚರಿನ ಒಂದು ಭಾಗ ತೋರಿಸಿದರು. ಟೋಪಿಯವನು ಹೊಸಿಲಲ್ಲಿ ಬೂಟು ಬಿಚ್ಚುವುದು ಕಂಡು ಪ್ರಮೀಳಾ "ಪಾಪ, ಮರ್ಯಾದಸ್ತ" ಅಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಅಲ್ಲಮ್ಮ, ಮನುಷ್ಯ ನಡೀತಾ ಇದಾನೆ, ಅವನ ಬಟ್ಟೆ ನಡೀತಾ ಇಲ್ವಲ್ಲ?"

"ಅಂದ್ರ?"

"ಅವನು ಹಾಕಿರೋ ಕೋಟು ದಪ್ಪ ಬಟ್ಟೆ. ತೋಳು ಮೈಗೆ ತಾಗಿದ್ರೆ ಸರ್ ಸರ್ ಅನ್ನಬೇಕು. ಒಳಗಿನ ಅಂಗಿ ಹತ್ತಿದು, ಅದು ಬೇರೆ ಥರ. ಇಲ್ಲಿ ಬರೀ ಕಾಲು ಕೇಳುತ್ತೆ. ದೆವ್ವ ನಡೆದಂಗಿದೆ."

ಮೇಡಂ ಬಾಯಿ ಬಿಟ್ಟುಕೊಂಡು ನೋಡಿದರು. ಬಟ್ಟೆಯ ಸದ್ದು ಬೇರೆಯಾಗಿ ಮಾಡಬೇಕು ಅಂತ ಅವರು ಮೊದಲೇ ಹೇಳಿದ್ದರು. ನಾನು ಏನೋ ಒಂದು ಗೋಣಿಚೀಲ ಉಜ್ಜಿ ಕೊಟ್ಟಿದ್ದೆ. ಕೇಳಿಸದ್ದನ್ನು ಹೆಂಗೆ ಮಾಡುವುದು? ಪ್ರಮೀಳಾ ಹದಿನಾಲ್ಕು ವರ್ಷದಿಂದ ನೂರಾರು ಮೆಷಿನ್ನುಗಳ ನಡುವೆ ಕೂತು, ಯಾವ ಥಾನಿನ ಬಟ್ಟೆ ಅಂತ ಕತ್ತರಿಯ ಸದ್ದಲ್ಲೇ ಹೇಳುವವಳು. ಅದು ನನಗೆ ಆವತ್ತು ಗೊತ್ತಾಯಿತು.

ಅವಳು ಸೋಮವಾರ, ಮಂಗಳವಾರ ರಜೆ ಹಾಕಿದಳು. ಮನೆಯಿಂದ ಒಂದು ಚೀಲ ತುಂಬ ತುಂಡು ಬಟ್ಟೆ ತಂದಳು. ಒರಟು ಡ್ರಿಲ್ ಬಟ್ಟೆ, ಕ್ಯಾನ್ವಾಸು, ಹಳೇ ಮಳೆ ಕೋಟು, ಮೆತ್ತಗಾದ ನನ್ನ ಲುಂಗಿ. ಪಕ್ಕದ ಲೇತಿನವರನ್ನು ಎರಡೆರಡು ಗಂಟೆ ನಿಲ್ಲಿಸಿ ಅಂತ ನಾನು ಕೇಳಿಕೊಂಡೆ. ಇಪ್ಪತ್ತೊಂದು ವರ್ಷದ ಪರಿಚಯ, ಒಪ್ಪಿದರು. ಮುಳ್ಳುಚಕ್ರದ ಸದ್ದು ಎಲ್ಲೆಲ್ಲಿ ಕೆಟ್ಟಿತ್ತೋ ಅಲ್ಲೆಲ್ಲ ಮತ್ತೆ ನಡೆದೆ. ಪ್ರಮೀಳಾ ಹೆಡ್‌ಫೋನ್ ಹಾಕಿಕೊಂಡು ಎದುರಿಗೆ ನಿಲ್ಲುತ್ತಿದ್ದಳು. ಜಾಸ್ತಿಯಾದರೆ ಅಂಗೈ ಕೆಳಗೆ, ಕಮ್ಮಿಯಾದರೆ ಮೇಲೆ, ಸರಿಯಾದರೆ ಕಣ್ಣು ಮುಚ್ಚಿ ತೆರೆಯುವುದು. ಮನೆಯಲ್ಲಿ ಇನ್ನೂ ಸರಿಯಾಗಿ ಮಾತಾಡುತ್ತಿರಲಿಲ್ಲ. ಇಲ್ಲಿ ಮಾತ್ರ ಗಂಟೆಗಟ್ಟಲೆ ಒಬ್ಬರನ್ನೊಬ್ಬರು ನೋಡುತ್ತಿದ್ದೆವು.

ಮಂಗಳವಾರ ಉಪ್ಪಿನ ಗೋದಾಮು. ಎರಡು ಸಲ ಶುರು ಮಾಡಿದೆವು, ಎರಡು ಸಲವೂ ಮಳೆ. ಶೀಟಿನ ಮೇಲಿನ ಮಳೆ ನಿಲ್ಲುವವರೆಗೂ ಮೇಡಂ ಉಗುರು ಕಚ್ಚುತ್ತಿದ್ದರು, ನಾನು ಹಲಗೆಯ ಸುತ್ತ ಸುತ್ತುತ್ತಿದ್ದೆ. "ಕೂತ್ಕೊಳ್ಳಿ, ತಲೆ ಸುತ್ತುತ್ತೆ ನಿಮ್ಮನ್ನ ನೋಡಿದ್ರೆ" ಅಂದಳು ಪ್ರಮೀಳಾ. ಮೂರನೆಯ ಸಲ ಮೋಡ ಸರಿಯಿತು. ಮೇಡಂ ಕೈ ಇಳಿಸಿದರು.

ನಾನು ಪರದೆ ನೋಡಲಿಲ್ಲ. ಆ ಮೂರು ನಿಮಿಷ ನನಗೆ ಬಾಯಿಪಾಠವಾಗಿತ್ತು. ಪ್ರಮೀಳಾ ಪರದೆ ನೋಡುತ್ತಿದ್ದಳು, ನಾನು ಅವಳನ್ನು. ಅವಳು ತೋಳಿನಲ್ಲಿ ಕ್ಯಾನ್ವಾಸು ಮಡಿಸಿ ಬಿಚ್ಚಿದ ಹಾಗೆ ನನ್ನ ಹೆಜ್ಜೆ ಹೋಯಿತು. ಹಿಮ್ಮಡಿ, ಅಂಚು, ಬೆರಳು. ಒಂದು ಕಡೆ ಹಲಗೆ ಕಿರ್ ಅನ್ನುವ ಜಾಗವಿತ್ತಂತೆ. ಅವಳು ಕಣ್ಣಲ್ಲೇ ತಡೆದಳು, ನಾನು ಕಾಲು ಗಾಳಿಯಲ್ಲಿ ಹಿಡಿದು ಆಚೆಗಿಟ್ಟೆ. ಗಡ್ಡದವನ ಬೆನ್ನ ಹಿಂದೆ ಬಂದು ನಿಂತಾಗ ಅವಳೂ ಬಟ್ಟೆಯನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದಳು. ಇಬ್ಬರೂ ಉಸಿರು ಬಿಡಲಿಲ್ಲ.

ಮೇಡಂ ಹೊರಗೆ ಬಂದರು. ಪ್ರಮೀಳಾಳ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ತುಟಿ ಚೆನ್ನಾಗಿ ತೆರೆದು, "ಸಿಕ್ತು, ಅಣ್ಣಾ" ಅಂದರು.

ಹೇಳಿದ ದಿನಕ್ಕೆ ಪಿಕ್ಚರು ಹೋಯಿತು. ಜುಲೈನಲ್ಲಿ ಒಂದು ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬಂತು. ಪಕ್ಕದ ಮನೆಯ ಆಂಟಿ, ಅವರ ಸೊಸೆ ಎಲ್ಲ ನಮ್ಮ ಮನೆಯಲ್ಲೇ ಕೂತು ನೋಡಿದರು. ಮಧ್ಯೆ ಮಧ್ಯೆ ಸೋಪು, ಬಿಸ್ಕತ್ತಿನ ಜಾಹೀರಾತು. ಕುದುರೆ ಓಡುವಾಗ ಆಂಟಿ "ಎಷ್ಟು ಚೆನ್ನಾಗಿ ಓಡ್ತವಲ್ಲ ಕೊರಿಯಾ ಕುದುರೆ" ಅಂದರು. ಕೆಂಗೇರಿದು ಅಂತ ನಾನು ಹೇಳಲಿಲ್ಲ. ಕಡೆಯಲ್ಲಿ ಓಡುವ ಹೆಸರುಗಳಲ್ಲಿ ನಮ್ಮಿಬ್ಬರದು ಇತ್ತೋ ಇಲ್ಲವೋ ಕಾಣಲೇ ಇಲ್ಲ. ಜಾಹೀರಾತು ಬಂದು ನುಂಗಿಬಿಟ್ಟಿತು.

ಸ್ಟುಡಿಯೋ ಆ ಶೆಡ್ಡಿನಲ್ಲಿ ಉಳಿಯಲಿಲ್ಲ. ಲೇತು, ಮಳೆ ಎರಡೂ ಸಾಕಾಗಿ ಬಸವೇಶ್ವರನಗರಕ್ಕೆ ಹೋಯಿತು. ಶೈಲಜಾ ಮೇಡಂ ಫೋನು ಮತ್ತೆ ಬಂತು, ಪ್ರಮೀಳಾಗೆ. ಇನ್ನೊಂದು ಪಿಕ್ಚರು, ಬರೀ ಬಟ್ಟೆಯ ಸದ್ದು, ಭಾನುವಾರಗಳು. ಆಮೇಲೆ ಮತ್ತೊಂದು. ನನ್ನನ್ನು ಕರೆಯಲಿಲ್ಲ. ಸುಳ್ಳು ಹೇಳುವುದಿಲ್ಲ, ಉರಿಯಿತು. ಅವಳು ಚೀಲ ಹೆಗಲಿಗೆ ಹಾಕಿ ಹೊರಟ ಮೊದಲ ಭಾನುವಾರ ನಾನು ಸರಿಯಿದ್ದ ಮಿಕ್ಸಿ ಬಿಚ್ಚಿ ಕೂತಿದ್ದೆ. ಸಂಜೆ ಅವಳು ಬಂದು ಎದುರಿಗೆ ಕೂತು, ಮಾಡಿದ್ದೆಲ್ಲ ಒಂದೊಂದಾಗಿ ಹೇಳಿದಳು. ಅ‌ಷ್ಟು ಉದ್ದ ಅವಳು ಮಾತಾಡಿ ವರ್ಷಗಳಾಗಿದ್ದವು. ಕೊನೆಗೆ ಅಂದಳು: "ಬುಧವಾರ ರಜೆ ಹಾಕಿದೀನಿ. ಆಸ್ಪತ್ರೆಗೆ ಹೋಗಣ."

ದೊಡ್ಡಾಸ್ಪತ್ರೆಯಲ್ಲಿ ಎರಡು ಗಂಟೆ ಸಾಲು. ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದರೆ ಗುಂಡಿ ಒತ್ತಿ ಅಂದರು. ಬಹಳ ಹೊತ್ತು ಒತ್ತಲು ಏನೂ ಇರಲಿಲ್ಲ. ಹೊರಗೆ ಬಂದಮೇಲೆ ಡಾಕ್ಟರು ಕಾಗದದ ಮೇಲೆ ಜಾರಿಬಿದ್ದ ಗೆರೆಯನ್ನು ನೋಡಿದರು. ಚಿಕ್ಕ ವಯಸ್ಸಿನವರು, ಒಳ್ಳೆಯವರೇ. ಆ ಕಾಗದವನ್ನು ಪ್ರಮೀಳಾ ಕಡೆ ತಿರುಗಿಸಿ, ಪೆನ್ನಿನ ತುದಿಯಿಂದ ತೋರಿಸುತ್ತಾ ಅವಳಿಗೆ ಏನೇನೋ ಹೇಳತೊಡಗಿದರು. ಅವರ ಮುಖದ ಒಂದು ಪಕ್ಕ ಮಾತ್ರ ನನಗೆ ಕಾಣುತ್ತಿತ್ತು. "ಎಷ್ಟು ವರ್ಷದಿಂದ ಇವರಿಗೆ" ಅನ್ನುವಷ್ಟು ಸಿಕ್ಕಿತು. ಮಿಕ್ಕಿದ್ದು ಸಿಗಲಿಲ್ಲ. ನಾನು ಎಂದಿನಂತೆ ಕೇಳಿಸಿದವನ ಹಾಗೆ ತಲೆಯಾಡಿಸುತ್ತಾ ಕೂತೆ.

ಪ್ರಮೀಳಾ ಕೈ ಚಾಚಿ ಆ ಕಾಗದವನ್ನು ಎಳೆದು ನನ್ನ ಮುಂದೆ ಇಟ್ಟಳು. ಆಮೇಲೆ ಅವಳು ಅಂದದ್ದನ್ನು ನಾನು ಪೂರ್ತಿ ಓದಿದೆ, ಒಂದಕ್ಷರ ಬಿಡದೆ:

"ನನಗಲ್ಲ ಡಾಕ್ಟ್ರೇ, ಅವರಿಗೆ ಹೇಳಿ. ಮುಖ ನೋಡ್ಕೊಂಡು ಹೇಳಿ. ಅವರಿಗೆ ಕೇಳ್ಸುತ್ತೆ."